ಮಲೆನಾಡಿನ ಪ್ರಾಥಮಿಕ ಶಾಲೆಯ ಯಜಮಾನಿಕೆ: ಸಕಲೇಶಪುರ–ಆಲೂರು ಪ್ರದೇಶವನ್ನು ಕುರಿತ ವಿವೇಚನೆ

ಗ್ರಾಮದ ಪ್ರಾಥಮಿಕ ಶಾಲೆಯಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗೆ ನಮ್ಮ ಶಿಕ್ಷಣದ ಇತಿಹಾಸಗಳಲ್ಲಿ ದೊರೆತಿರುವ ಸ್ಥಳ ಬಹಳ ಸ್ವಲ್ಪ. ಕಾಯಿದೆಗಳ ವರ್ಷ, ಶಾಲೆಗಳ ಸಂಖ್ಯೆ, ಮಂಜೂರಾದ ಹಣ, ಇವು ಇಲಾಖೆಯ ವರದಿಗಳಲ್ಲಿ ಯಥೇಚ್ಛವಾಗಿ ದೊರೆಯುತ್ತವೆ. ಮೇಷ್ಟರು ಇರಬೇಕೆಂದು ಒಂದು ಪಕ್ಷ, ಹೋಗಬೇಕೆಂದು ಇನ್ನೊಂದು ಪಕ್ಷ ನಿಂತಾಗ ಊರು ಏನು ಮಾಡುತ್ತಿತ್ತು, ತಂದೆತಾಯಿಗಳ ಕೈಯಲ್ಲಿ ಯಾವ ಅಧಿಕಾರವಿತ್ತು ಎಂಬುದು ಅಲ್ಲಿ ದೊರೆಯುವುದಿಲ್ಲ. ಇದು ಕೇವಲ ಊರ ಜಗಳದ ಕಥೆಯಲ್ಲ. ಶಾಲೆಯು ಯಾರದು ಎಂಬುದರ ಇತಿಹಾಸವೇ ಇದರಲ್ಲಿ ಅಡಗಿದೆ. ಹಾಸನ ಜಿಲ್ಲೆಯ ಪಶ್ಚಿಮ ಭಾಗದ ಬೆಟ್ಟಸಾಲನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. ಹೆತ್ತೂರು, ಯಸಳೂರು, ಹಾನುಬಾಳು, ಬೆಳಗೋಡು ಹೋಬಳಿಗಳಲ್ಲಾಗಲಿ, ನೆರೆಯ ಆಲೂರಿನ ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಹೋಬಳಿಗಳಲ್ಲಾಗಲಿ ಬಯಲುಸೀಮೆಯ ರೀತಿಯ ಒತ್ತಾದ ಊರುಗಳು ವಿರಳ. ಗದ್ದೆಯ ಕೋವಿನ ಅಂಚಿನಲ್ಲಿ ಒಂದು ಮನೆ, ದಿಬ್ಬದ ಆಚೆಗೆ ಇನ್ನೊಂದು, ನಡುವೆ ಹಳ್ಳ, ಕಾಡು, ಕಾಫಿ ತೋಟ. ಇಂತಹ ನೆಲದಲ್ಲಿ ಶಾಲೆಯನ್ನು ಯಾವ ದಿಬ್ಬದ ಮೇಲೆ ಕಟ್ಟಬೇಕು ಎಂಬುದೇ ಮೊದಲನೆಯ ವಿವಾದವಾಗುತ್ತದೆ. ಮುಂಗಾರಿನಲ್ಲಿ ಹಳ್ಳ ತುಂಬಿದರೆ ಯಾರ ಮಕ್ಕಳು ಶಾಲೆಗೆ ಬರಬಲ್ಲರು, ಯಾರ ಮಕ್ಕಳು ಮನೆಯಲ್ಲಿ ಉಳಿಯುವರು ಎಂಬುದು ಆ ಒಂದು ತೀರ್ಮಾನವನ್ನು ಅವಲಂಬಿಸಿದೆ. ಭೂಗೋಳವನ್ನು ಮರೆತು ಮಲೆನಾಡಿನ ಶಾಲೆಯ ಇತಿಹಾಸವನ್ನು ಬರೆಯುವುದು ಸಾಧ್ಯವಿಲ್ಲ.

ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಕನ್ನಡ ನಾಡಿನಲ್ಲಿ ಪ್ರಚಲಿತವಾಗಿದ್ದುದು ಕೂಲಿಮಠ. ಉಳ್ಳವರ ಮನೆಯ ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಐಗಳು ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಸಂಭಾವನೆ ಬಹುಮಟ್ಟಿಗೆ ಧಾನ್ಯದಲ್ಲಿ, ಕೊಡುವವರು ತಂದೆತಾಯಿಗಳು. ಐಗಳನ್ನು ಕರೆತಂದವರೂ ಬೇಡವೆನಿಸಿದಾಗ ಬಿಡಿಸುವವರೂ ಅವರೇ. ಭಿನ್ನಾಭಿಪ್ರಾಯ ಬಂದರೆ ಪರಿಹಾರ ಸುಲಭವಾಗಿತ್ತು: ಒಪ್ಪದವನು ತನ್ನ ಮಗನನ್ನು ಕಳುಹಿಸುವುದನ್ನು ನಿಲ್ಲಿಸುತ್ತಿದ್ದ, ಐಗಳ ಪಾಲಿನ ಭತ್ತವೂ ನಿಲ್ಲುತ್ತಿತ್ತು. ಆದರೆ ಇದನ್ನು ಪೋಷಕರ ಸ್ವಾತಂತ್ರ್ಯದ ಸುವರ್ಣಯುಗವೆಂದು ಬಣ್ಣಿಸುವವರೊಡನೆ ನಮ್ಮ ಸಹಮತವಿಲ್ಲ. ಜಗಲಿಯ ಒಡೆಯನ ಮಾತೇ ಅಲ್ಲಿ ಕೊನೆಯ ಮಾತು. ಆ ಜಗಲಿಯನ್ನು ಹತ್ತಲಾರದ ಜಾತಿಗಳ ಮಕ್ಕಳಿಗೂ, ಬಹುಮಟ್ಟಿಗೆ ಹೆಣ್ಣುಮಕ್ಕಳಿಗೂ, ಮಠದ ಬಾಗಿಲು ಮುಚ್ಚಿಯೇ ಇತ್ತು.

1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆಯು ಬಂದಾಗ ಈ ಸಂಬಂಧ ಬದಲಾಯಿತು. ಶಾಸನಗಳ ಸಂಗ್ರಹಕಾರರೆಂದು ಇತಿಹಾಸದ ವಿದ್ಯಾರ್ಥಿಗಳು ಬಲ್ಲ ರೈಸ್ ಅವರು ವೃತ್ತಿಯಿಂದ ಶಿಕ್ಷಣಾಧಿಕಾರಿಗಳಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಹೋಬಳಿಗೊಂದು ಶಾಲೆ, ತರಬೇತಿ ಹೊಂದಿದ ಉಪಾಧ್ಯಾಯ, ಗೊತ್ತಾದ ಸಂಬಳ: ಯೋಜನೆಯ ತಿರುಳು ಇದು. ಸಂಬಳವು ಸರ್ಕಾರದಿಂದ ಬಂದೊಡನೆ ಉಪಾಧ್ಯಾಯನು ಊರಿಗೆ ಉತ್ತರ ಹೇಳಬೇಕಾದ ಕಾಲ ಮುಗಿಯಿತು. ಅವನು ಇನ್ನು ಇನ್‌ಸ್ಪೆಕ್ಟರರಿಗೆ ಉತ್ತರವಾದಿ. ಒಪ್ಪದ ತಂದೆಯು ಮಗನನ್ನು ಬಿಡಿಸಿದರೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾದೀತೇ ಹೊರತು ಉಪಾಧ್ಯಾಯನ ಅನ್ನಕ್ಕೆ ಕುಂದಿಲ್ಲ. ಪೋಷಕರ ಕೈಯಲ್ಲಿ ಉಳಿದ ಸಾಧನ ಅರ್ಜಿ ಒಂದೇ, ಅದನ್ನು ಬರೆಯಬಲ್ಲವನು ಪಟೇಲನೋ ಶಾನುಭೋಗನೋ. ಅಂದಮೇಲೆ ಅರ್ಜಿಯಲ್ಲಿ ಯಾರ ಅಭಿಪ್ರಾಯ ಕಾಣಿಸುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ಮಾಡಿತು. ಆಡಳಿತದ ಪ್ರಶ್ನೆಯನ್ನು ಅದು ಹೆಚ್ಚಾಗಿ ಮುಟ್ಟಲಿಲ್ಲ. 1930ರ ರೆಗ್ಯುಲೇಷನ್ ಅದನ್ನು ಮುಟ್ಟಿತು. ಪ್ರಾಥಮಿಕ ಶಾಲೆಗಳ ಆಡಳಿತವು ಸ್ಥಳೀಯ ಸಂಸ್ಥೆಗಳ ಕೈಗೆ ಹೋಯಿತು. ಜನರಿಗೆ ಹತ್ತಿರವಾದ ಆಡಳಿತವೆಂಬ ನಂಬಿಕೆ ಇದರ ಹಿಂದಿತ್ತು. ಆದರೆ ಹೆತ್ತೂರಿನ ರೈತನಿಗೆ ಹಾಸನದಲ್ಲಿ ಸೇರುವ ಸಭೆಯು ಹತ್ತಿರದ್ದೆಂದು ತೋರಿರಲಾರದು. 1941ರ ಕಾಯಿದೆಯ ಮೂಲಕ ಸರ್ಕಾರವು ಆಡಳಿತವನ್ನು ಮತ್ತೆ ತಾನೇ ವಹಿಸಿಕೊಂಡಿತು. ಇಂಗ್ಲೆಂಡಿನಲ್ಲಿಯೂ 1870ರ ಕಾಯಿದೆಯಿಂದ ಹುಟ್ಟಿದ ಚುನಾಯಿತ ಶಾಲಾ ಮಂಡಲಿಗಳನ್ನು 1902ರಲ್ಲಿ ರದ್ದುಪಡಿಸಿ ಅವುಗಳ ಕೆಲಸವನ್ನು ಕೌಂಟಿ ಮತ್ತು ನಗರ ಸಭೆಗಳಿಗೆ ಒಪ್ಪಿಸಿದುದು ಈ ಸಂದರ್ಭದಲ್ಲಿ ಹೋಲಿಕೆಗೆ ಅರ್ಹವಾಗಿದೆ. ವ್ಯತ್ಯಾಸವೇನೆಂದರೆ ಅಲ್ಲಿ ಮೂವತ್ತೆರಡು ವರ್ಷ ಚುನಾವಣೆಗಳ ಅನುಭವವಾದರೂ ದೊರೆಯಿತು. ಇಲ್ಲಿ ದೊರೆತದ್ದು ಒಂದು ದಶಕ, ಅದೂ ಪೋಷಕರೆಂಬ ನೆಲೆಯಲ್ಲಿ ಅಲ್ಲ.

ಅನಂತರದ ಬಹುಕಾಲ ಶಾಲಾ ಬೆಟರ್‌ಮೆಂಟ್ ಸಮಿತಿ, ಆಮೇಲೆ ಗ್ರಾಮ ಶಿಕ್ಷಣ ಸಮಿತಿ ಮುಂತಾದ ಹೆಸರುಗಳಲ್ಲಿ ಊರಿನ ಗಣ್ಯರು ಶಾಲೆಯ ಸುತ್ತ ನಿಂತರು. ನಿಜವಾದ ತಿರುವು 2001ರದು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ಕರ್ನಾಟಕ ಸರ್ಕಾರವು ಆ ವರ್ಷದ ಏಪ್ರಿಲ್ 28ರ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಶಾಲೆಯಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳೇ ಪೋಷಕರ ಪರಿಷತ್ತು, ಅವರಿಂದ ಆಯ್ಕೆಯಾದ ಪೋಷಕರಲ್ಲಿ ಒಬ್ಬರು ಅಧ್ಯಕ್ಷರು, ಮುಖ್ಯೋಪಾಧ್ಯಾಯರು ಕಾರ್ಯದರ್ಶಿ. ಬ್ಯಾಂಕಿನ ಖಾತೆಗೆ ಇಬ್ಬರ ಸಹಿ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 21ನೆಯ ಪ್ರಕರಣವು ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದೂ, ದುರ್ಬಲ ವರ್ಗಗಳ ಪೋಷಕರಿಗೆ ಪ್ರಮಾಣಾನುಸಾರ ಸ್ಥಾನ ದೊರೆಯಬೇಕೆಂದೂ ವಿಧಿಸಿತು.

ಈ ನಿಯಮದಲ್ಲಿ ಒಂದು ಸಣ್ಣ ಮಾತು ಮಲೆನಾಡಿನ ಪಾಲಿಗೆ ದೊಡ್ಡದಾಯಿತು: ಅಧ್ಯಕ್ಷನಾಗುವವನ ಮಗು ಅದೇ ಶಾಲೆಯಲ್ಲಿ ಓದುತ್ತಿರಬೇಕು. ಶಾಲೆಗೆ ಜಾಗ ಬಿಟ್ಟುಕೊಟ್ಟ ಮನೆತನದವರ ಮಕ್ಕಳು ಈಗ ಸಕಲೇಶಪುರದ ಇಲ್ಲವೇ ಹಾಸನದ ಇಂಗ್ಲಿಷ್ ಮಾಧ್ಯಮದ ಶಾಲೆಯ ವಾಹನವನ್ನು ಹತ್ತುತ್ತಾರೆ. ಆದಕಾರಣ ಆ ಮನೆತನಗಳಿಗೆ ಪರಿಷತ್ತಿನಲ್ಲಿ ಮತವಿಲ್ಲ. ಮತವಿರುವುದು ತೋಟದ ಲೈನುಗಳಲ್ಲಿ ವಾಸಿಸುವವರಿಗೆ, ಸಣ್ಣ ಹಿಡುವಳಿದಾರರಿಗೆ, ಪರಿಶಿಷ್ಟ ಜಾತಿಗಳ ಕುಟುಂಬಗಳಿಗೆ. ನೂರೈವತ್ತು ವರ್ಷಗಳ ಹಿಂದೆ ಜಗಲಿಯ ಕೆಳಗೆ ನಿಂತಿದ್ದವರ ಸಂತತಿಯವರು ಇಂದು ಕಾಯಿದೆಯ ಪ್ರಕಾರ ಶಾಲೆಯ ಯಜಮಾನರು. ಆದರೆ ಮಕ್ಕಳ ಸಂಖ್ಯೆ ಕುಗ್ಗಿ ಶಾಲೆಯು ಉಳಿಯುವುದೇ ಸಂದೇಹವಾಗಿರುವ ಕಾಲದಲ್ಲಿ ಈ ಯಜಮಾನಿಕೆ ಅವರಿಗೆ ಬಂದಿದೆ.

ಬಂದ ಅಧಿಕಾರವನ್ನು ಚಲಾಯಿಸುವುದೂ ಸುಲಭವಲ್ಲ. ದಿನಗೂಲಿಯವರಿಗೆ ಹಗಲಿನ ಸಭೆಯೆಂದರೆ ಒಂದು ದಿನದ ಕೂಲಿ ನಷ್ಟ. ಕಾಫಿ ಕೊಯ್ಲಿನ ತಿಂಗಳುಗಳಲ್ಲಂತೂ ಕೋರಂ ಸೇರಿಸುವುದು ಮುಖ್ಯೋಪಾಧ್ಯಾಯರಿಗೆ ದೊಡ್ಡ ಸಾಹಸ. ತಮ್ಮ ದುಡಿಮೆಯ ಮಾಲೀಕನು ಸೂಚಿಸಿದ ಹೆಸರಿಗೆ ವಿರುದ್ಧವಾಗಿ ಕೈ ಎತ್ತುವುದು ಲೈನಿನ ಮನೆಯಲ್ಲಿರುವವನಿಗೆ ಸುಲಭದ ಮಾತಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು, ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದಲ್ಲಿ, ಶಿಕ್ಷಣದ ಸೌಕರ್ಯ ಒದಗಿಸುವಂತೆ ಮಾಲೀಕರಿಗೆ ವಿಧಿಸಲು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ಕಾರ್ಮಿಕನನ್ನು ಪೋಷಕನೆಂದು ಎಣಿಸಿ ಅವನ ಮಾತು ಕೇಳುವ ಏರ್ಪಾಡು ಅದರಲ್ಲಿರಲಿಲ್ಲ. ಈಚೆಗೆ ಅಸ್ಸಾಮ್ ಮೊದಲಾದ ಕಡೆಗಳಿಂದ ಬಂದಿರುವ ಕುಟುಂಬಗಳ ಮಕ್ಕಳು ಹಾಜರಿಯನ್ನು ತುಂಬಿ ಶಾಲೆಯನ್ನು ಉಳಿಸುವುದುಂಟು. ಸಭೆಯ ಕನ್ನಡವು ಅರ್ಥವಾಗದ ಅವರ ತಂದೆತಾಯಿಗಳು ಹಿಂದಿನ ಸಾಲಿನಲ್ಲಿ ಕುಳಿತು ಎದ್ದುಹೋಗುತ್ತಾರೆ.

ಇಷ್ಟಾಗಿಯೂ ಅಧ್ಯಕ್ಷ ಪದವಿಗೆ ಪೈಪೋಟಿ ನಡೆಯುವುದೇಕೆ? ಅನುದಾನದ ಚೆಕ್ಕು, ಕಟ್ಟಡದ ದುರಸ್ತಿ, 2002ರಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಅಕ್ಷರ ದಾಸೋಹದ ಅಡುಗೆಯವರ ನೇಮಕ, ಇವು ಕಣ್ಣಿಗೆ ಕಾಣುವ ಕಾರಣಗಳು. ಅಡುಗೆಮನೆಯ ಜಗಳದಲ್ಲಿ ಜಾತಿಯ ಪ್ರಶ್ನೆಯು ನುಸುಳುವುದನ್ನು ಮರೆಮಾಚಬೇಕಾಗಿಲ್ಲ. ಆದರೆ ಇನ್ನೂ ಆಳವಾದ ಕಾರಣವೊಂದಿದೆ. ಪೋಷಕರಿಗೆ ನಿಜವಾಗಿ ಬೇಕಾದದ್ದು ಒಳ್ಳೆಯ ಮುಖ್ಯೋಪಾಧ್ಯಾಯ. ಅವರಿಗೆ ಆರಿಸಲು ಕೊಟ್ಟಿರುವುದು ಸಮಿತಿಯ ಅಧ್ಯಕ್ಷ. ಅಮೆರಿಕದ ಷಿಕಾಗೋ ನಗರದಲ್ಲಿ 1988ರ ಕಾಯಿದೆಯಂತೆ ರಚಿತವಾದ ಸ್ಥಳೀಯ ಶಾಲಾ ಸಭೆಗಳಲ್ಲಿ ಆರು ಮಂದಿ ಪೋಷಕರಿದ್ದು, ಮುಖ್ಯೋಪಾಧ್ಯಾಯರನ್ನು ನಾಲ್ಕು ವರ್ಷಗಳ ಕರಾರಿನ ಮೇಲೆ ಆರಿಸುವ ಅಧಿಕಾರವೂ ಆ ಸಭೆಗೆ ಸೇರಿತು. ನಮ್ಮಲ್ಲಿ ನೇಮಕವು ಇಲಾಖೆಯದು, ವರ್ಗಾವಣೆಯು ಕಾಯಿದೆಯಿಂದ ನಿಯಂತ್ರಿತವಾದ ಕೌನ್ಸೆಲಿಂಗಿನದು. ಶಿಕ್ಷಕರ ಮೇಲಿನ ಅಸಮಾಧಾನವೂ ಅಭಿಮಾನವೂ ಹರಿಯಲು ಬೇರೆ ಕಾಲುವೆಯಿಲ್ಲದೆ ಅಧ್ಯಕ್ಷರ ಚುನಾವಣೆಯ ಕಡೆಗೆ ತಿರುಗುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಏಕೋಪಾಧ್ಯಾಯ ಶಾಲೆಗಳಲ್ಲಿ ಇದರ ಪರಿಣಾಮ ತೀವ್ರ. ಅಲ್ಲಿ ಮುಖ್ಯೋಪಾಧ್ಯಾಯರೂ ಸಹೋಪಾಧ್ಯಾಯರೂ ಒಬ್ಬರೇ. ಅವರಿಗೆ ವರ್ಗವಾದರೆ ಶಾಲೆಯೇ ಹೋದಂತೆ; ಅವರು ಬೇಡವೆಂದರೆ ಬದಲಿಗೆ ಬರಲು ಒಪ್ಪುವವರು ಅಪರೂಪ. ಇಂತಹ ಸಂದರ್ಭಗಳಲ್ಲಿ ಪೋಷಕರು ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿ ಶಾಲೆಯ ಬಾಗಿಲಿಗೆ ಬೀಗ ಹಾಕುವ ಪ್ರತಿಭಟನೆಯ ಸುದ್ದಿಯನ್ನು ನಾಡಿನ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಕೂಲಿಮಠದ ಕಾಲದ ಆ ಹಳೆಯ ಆಯುಧವೇ ಇದು. ಐಗಳ ಭತ್ತ ನಿಂತಂತೆ ಈಗ ಯಾರ ಸಂಬಳವೂ ನಿಲ್ಲುವುದಿಲ್ಲವಾದ್ದರಿಂದ, ಬೀಗದ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ಅರ್ಜಿಯೂ ಹೋಗುತ್ತದೆ. ಆ ಅರ್ಜಿಯ ಕೆಳಗೆ ಈಗ ತಾಯಂದಿರ ಸಹಿಗಳೂ ಇರುತ್ತವೆ.