ಒಟ್ಟೊ ಉಬ್ಬೆಲೋಡೆ: ಗ್ರಿಮ್ ಕಥೆಗಳ ಚಿತ್ರಕಾರ

ಜನನ: 1867, ಮಾರ್ಬುರ್ಗ್
ಮರಣ: 1922, ಗೊಸ್‌ಫೆಲ್ಡೆನ್

ಗ್ರಿಮ್ ಸಹೋದರರ ಕಥೆಗಳು ಲೋಕಕ್ಕೆಲ್ಲ ಗೊತ್ತು. ಅವುಗಳಿಗೆ ಸುಮಾರು 450 ಚಿತ್ರ ಬರೆದ ಉಬ್ಬೆಲೋಡೆಯವರ ಹೆಸರು ಮಾತ್ರ ಜರ್ಮನಿಯ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಮ್ಯೂನಿಕ್‌ನಲ್ಲಿ ಚಿತ್ರಕಲೆ ಕಲಿತ ಅವರು, ಹುಟ್ಟೂರಿಗೆ ಸಮೀಪದ ಗೊಸ್‌ಫೆಲ್ಡೆನ್ ಹಳ್ಳಿಯಲ್ಲಿ ಮನೆ ಕಟ್ಟಿಸಿ ನೆಲೆಸಿದರು. ಅವರ ಚಿತ್ರಗಳಿದ್ದ ಕಥಾಸಂಗ್ರಹ 1907ರಿಂದ 1909ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂತು.

ಕಥೆಯ ಕೋಟೆ, ಕಾಡು, ಗುಡ್ಡಗಳಿಗಾಗಿ ಅವರು ದೂರ ಹೋಗಲಿಲ್ಲ. ಸುತ್ತಲಿನ ಹೆಸ್ಸೆನ್ ಸೀಮೆಯನ್ನೇ ಬರೆದರು. ರಪುಂಜೆಲ್ ಜಡೆ ಇಳಿಬಿಡುವ ಗೋಪುರಕ್ಕೆ ಮಾದರಿ, ಪಕ್ಕದ ಅಮೋನೌ ಹಳ್ಳಿಯ ಕಟ್ಟಡ. ಅದು ಇಂದಿಗೂ ನಿಂತಿದೆ. ಎಷ್ಟೋ ಚಿತ್ರಗಳಲ್ಲಿ ಹೆಣ್ಣುಮಕ್ಕಳು ತೊಟ್ಟಿರುವುದು ಅಲ್ಲಿನ ರೈತ ಮನೆತನಗಳ ಉಡುಪು.

ಚಿತ್ರವನ್ನು ಹತ್ತಿರದಿಂದ ನೋಡಿ. ಬಣ್ಣವಿಲ್ಲ, ಲೇಖನಿ ಮತ್ತು ಕಪ್ಪು ಶಾಯಿ ಅಷ್ಟೇ. ಗೆರೆಗಳು ಒತ್ತಾದ ಕಡೆ ಕಾಡಿನ ಕತ್ತಲು; ಕಾಗದ ಹಾಗೇ ಬಿಟ್ಟ ಕಡೆ ಬೆಳಕು, ಆಕಾಶ, ಹಿಮ.

ಗ್ರಿಮ್ ಸಹೋದರರು ಕಾನೂನು ಓದಿದ್ದು ಮಾರ್ಬುರ್ಗ್‌ನಲ್ಲೇ. ಅವರ ಎಷ್ಟೋ ಕಥೆಗಳು ದೊರೆತದ್ದೂ ಹೆಸ್ಸೆನ್‌ನಲ್ಲೇ. ಆ ನೆಲದ ರೂಪವನ್ನು ಪುಟಕ್ಕೆ ತಂದ ಉಬ್ಬೆಲೋಡೆಯವರ ಗೊಸ್‌ಫೆಲ್ಡೆನ್ ಮನೆ ಈಗ ಸಂಗ್ರಹಾಲಯವಾಗಿದೆ.