ಪಾಳೆಯದ ಬಿಲ್ಲೆಗೆ ಬೆಲೆ ಕಟ್ಟುವುದು

1862ರ ಹೊತ್ತಿಗೆ ಅಮೆರಿಕದ ಅಂತರ್ಯುದ್ಧ ಕಾವೇರಿತ್ತು, ಪೇಟೆಯಲ್ಲಿ ಚಿಲ್ಲರೆಗೆ ಬರ ಬಂದಿತ್ತು. ಬೆಳ್ಳಿ ನಾಣ್ಯ ಸಿಕ್ಕವರೆಲ್ಲ ಅದನ್ನು ಪೆಟ್ಟಿಗೆಗೆ ಸೇರಿಸಿದರು. ರೆಜಿಮೆಂಟಿನ ಬೆನ್ನುಹತ್ತಿ ತಂಬಾಕು, ತಿಂಡಿ, ಸೂಜಿ-ದಾರ ಮಾರುತ್ತಿದ್ದ ಪರವಾನಗಿ ವ್ಯಾಪಾರಿಗೆ 'ಸಟ್ಲರ್' ಎಂದು ಹೆಸರು. ಅವನು ಹಿತ್ತಾಳೆ, ತಾಮ್ರದ ಬಿಲ್ಲೆಗಳನ್ನು ತಾನೇ ಅಚ್ಚು ಹಾಕಿಸಿಕೊಂಡ. ತಿಂಗಳಿಗೆ 13 ಡಾಲರ್ ಸಂಬಳದ ಸಿಪಾಯಿಗೆ ಆ ಹಣವೂ ತಡವಾಗಿಯೇ ಬರುತ್ತಿತ್ತು. ಅವನು ಬಿಲ್ಲೆಗಳನ್ನು ಉದ್ದರಿಗೆ ಪಡೆಯುತ್ತಿದ್ದ. ಕೊಟ್ಟವನ ಡೇರೆ ಬಿಟ್ಟರೆ ಬೇರೆಲ್ಲೂ ಅವು ನಡೆಯುತ್ತಿರಲಿಲ್ಲ. ದರ ಹೇಳುವವನೂ ಅವನೇ, ಬಿಲ್ಲೆ ಕೊಡುವವನೂ ಅವನೇ!

ಇಂದು ಸಂಗ್ರಾಹಕರು ಹುಡುಕುವುದು ಇವನ್ನೇ. ಒಂದು ಮುಖದಲ್ಲಿ ವ್ಯಾಪಾರಿಯ ಹೆಸರು, ರೆಜಿಮೆಂಟಿನ ಸಂಖ್ಯೆ. ಇನ್ನೊಂದರಲ್ಲಿ 25 ಸೆಂಟಿನ ಸರಕಿಗೆ ಸಲ್ಲುತ್ತದೆಂಬ ಒಕ್ಕಣೆ. ಹೆಚ್ಚಿನವಕ್ಕೆ ಇಸವಿ ಇಲ್ಲ. ಆದರೆ ಸಿನ್ಸಿನಾಟಿಯ ಜಾನ್ ಸ್ಟಾಂಟನ್‌ನಂಥ ಅಚ್ಚುಗಾರರು ಹಿಂಬದಿಯ ಒಂದೇ ಅಚ್ಚನ್ನು ಹಲವು ಗಿರಾಕಿಗಳಿಗೆ ಬಳಸುತ್ತಿದ್ದರು. ಆ ಜಾಡು ಹಿಡಿದರೆ ತಯಾರಕ ಸಿಗುತ್ತಾನೆ, ರೆಜಿಮೆಂಟಿನ ದಾಖಲೆ ತೆರೆದರೆ ಕಾಲವೂ ತಿಳಿಯುತ್ತದೆ.

ಹುಡುಕಾಟಕ್ಕೆ ಶಿಸ್ತು ಬಂದದ್ದು ನಿಧಾನವಾಗಿ. 1924ರಲ್ಲಿ ಹೆಟ್ರಿಚ್ ಮತ್ತು ಗುಟ್ಟಾಗ್ ಯುದ್ಧಕಾಲದ ಅಂಗಡಿ ಟೋಕನ್‌ಗಳ ಪಟ್ಟಿ ತಂದರು. ಬಳಿಕ ಜೇಮ್ಸ್ ಕರ್ಟೊ ಕೋಟೆಗಳ, ಸೇನಾನೆಲೆಗಳ ಬಿಲ್ಲೆಗಳನ್ನು ಕಲೆಹಾಕಿದರು. ಸಟ್ಲರ್ ಟೋಕನ್‌ಗಳಿಗೆಂದೇ ಡೇವಿಡ್ ಶೆಂಕ್‌ಮನ್ ಬರೆದ ಪುಸ್ತಕ 1983ರದು. ಅಂತರ್ಯುದ್ಧದ ಟೋಕನ್‌ಗಳ ವಿರಳತೆಗೆ ಫುಲ್ಡ್ ಹೆಸರಿನ ಅಳತೆಯೂ ಇದೆ: ಆರ್-10 ಎಂದರೆ ಗೊತ್ತಿರುವುದು ಒಂದೇ ಬಿಲ್ಲೆ, ಆರ್-9 ಎಂದರೆ ಎರಡರಿಂದ ನಾಲ್ಕು.

ಆದರೆ ಈ ಅಂಕಿಯನ್ನೇ ಬೆಲೆ ಎಂದುಕೊಂಡವರು ಹರಾಜಿನಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ಲೋಹಶೋಧಕ ಹಿಡಿದವನೊಬ್ಬನಿಗೆ ಹಳೆಯ ಪಾಳೆಯದ ಮಣ್ಣಿನಲ್ಲಿ ಐದಾರು ಬಿಲ್ಲೆ ಸಿಕ್ಕರೆ ಆರ್-9 ಆರ್-8ಕ್ಕೆ ಇಳಿದೀತು. ಮಣ್ಣು ಕಚ್ಚಿದ ಬಿಲ್ಲೆಯನ್ನು ತಿಕ್ಕಿ ಹೊಳೆಯಿಸಿದರಂತೂ ಬೆಲೆ ಇನ್ನೂ ಕುಸಿಯುತ್ತದೆ. ಅಷ್ಟೇ ವಿರಳವಾದ ಎರಡು ಬಿಲ್ಲೆಗಳಲ್ಲಿ ಮುಂದೆ ಅಧ್ಯಕ್ಷರಾದ ಹೇಯ್ಸ್, ಮೆಕಿನ್ಲಿ ಇಬ್ಬರೂ ಇದ್ದ 23ನೇ ಓಹಿಯೋ ರೆಜಿಮೆಂಟಿನದಕ್ಕೆ ಗಿರಾಕಿ ಹೆಚ್ಚು; ಇದು ಸಹಜವೇ.

ಯುದ್ಧ ಮುಗಿದು ಸಟ್ಲರ್‌ಗಳ ಹುದ್ದೆ ರದ್ದಾದ ಮೇಲೆ ಕೋಟೆಗಳಲ್ಲಿ ಪೋಸ್ಟ್ ಟ್ರೇಡರ್‌ಗಳು ಬಂದರು. ಫೋರ್ಟ್ ಸಿಲ್‌ನ ಅಂಗಡಿ ಪರವಾನಗಿಯ ಲಂಚ ಪ್ರಕರಣದಲ್ಲಿ ಯುದ್ಧ ಕಾರ್ಯದರ್ಶಿ ಬೆಲ್ಕ್‌ನ್ಯಾಪ್ 1876ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1889ರಿಂದ ಸೇನೆಯದೇ ಕ್ಯಾಂಟೀನ್ ಬಂತು, 1895ರ ಆದೇಶದಿಂದ ಅದು ಪೋಸ್ಟ್ ಎಕ್ಸ್‌ಚೇಂಜ್ ವ್ಯವಸ್ಥೆಯಾಯಿತು. 1901ರಲ್ಲಿ ಸಂಸತ್ತು ಅಲ್ಲಿ ಬಿಯರ್ ಮಾರಾಟ ನಿಷೇಧಿಸಿತು. ಹಾಗಾಗಿ ಸೇನಾ ಕ್ಯಾಂಟೀನಿನ ಹೆಸರಿದ್ದು ಒಂದು ಲೋಟ ಬಿಯರ್ ಕೊಡುವ ಬಿಲ್ಲೆ ಈ ಹನ್ನೆರಡು ವರ್ಷಗಳ ಒಳಗಿನದೇ ಇರಬೇಕು. ಇಸವಿಯಿಲ್ಲದ ಲೋಹಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಕತೆ ಅಲ್ಲಿಗೇ ನಿಂತಿಲ್ಲ. ನಾಣ್ಯ ಸಾಗಿಸುವುದು ಭಾರವೆಂದು ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಸೇನಾ ಅಂಗಡಿಗಳಲ್ಲಿ 2001ರಿಂದ 5, 10, 25 ಸೆಂಟಿನ 'ಪಾಗ್' ಎಂಬ ರಟ್ಟಿನ ಬಿಲ್ಲೆಗಳು ಬಂದವು. ಸಂಗ್ರಾಹಕರು ಅವಕ್ಕೂ ಚಿತ್ರ, ಸರಣಿಗಳ ಪ್ರಕಾರ ಪಟ್ಟಿ ಮಾಡಿ, ಮುಖಬೆಲೆ ಮೀರಿದ ದರ ಕೊಟ್ಟು ಕೊಳ್ಳುತ್ತಿದ್ದಾರೆ.