ಕಾಲಡಿಯ ಕಲ್ಲು

ಹಳೆಯ ಬಾಗಲಕೋಟೆಯ ನಮ್ಮ ಮನೆಯಲ್ಲಿ ಅಡುಗೆಮನೆಗೆ ಮಣ್ಣಿನ ನೆಲ, ಪಡಸಾಲೆಗೆ ಫರಸಿ. ಅವ್ವ ನಸುಕಿನಲ್ಲೆದ್ದು ಅಡುಗೆಮನೆಗೆ ಹೆಂಡಿ ಸಾರಿಸುತ್ತಿದ್ದಳು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬರುವಾಗ ಬಾಗಿಲು, ತೊಲೆಗಳ ಜೊತೆಗೆ ಫರಸಿಯನ್ನೂ ಎಬ್ಬಿಸಿ ತಂದೆವು. ಆದರೆ ಅವಸರದಲ್ಲಿ ಹೊಸ ಮನೆಗೆ ಸಿಮೆಂಟು ನೆಲವಾಯಿತು. ಫರಸಿ ಹಿತ್ತಲಲ್ಲೇ ಉಳಿಯಿತು.

ಹೋದ ವರ್ಷ ಮೊಮ್ಮಗಳಿಗೆ ಉಬ್ಬಸವೆಂದು ತಿಳಿಯಿತು. ಅವಳ ಕೋಣೆಯ ನೆಲ ಬಿರುಕು ಬಿಟ್ಟು ಹುಡಿ ಏಳುತ್ತಿತ್ತು. ಅಂಗಡಿಯವರು ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ತೋರಿಸಿದರು. ಅಂಥ ಅಂಟಿನಿಂದ ಬಹುಕಾಲ ಫಾರ್ಮಾಲ್ಡಿಹೈಡ್ ಅನಿಲ ಹೊರಬೀಳಬಹುದು. ಕಣ್ಣು, ಗಂಟಲು ಉರಿಸುವ ಈ ಅನಿಲ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಸಾರಿತು. ಕಲ್ಲಿಗೆ ಆ ದೋಷವಿಲ್ಲ.

ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ? ಬಾದಾಮಿಯ ವಿಷ್ಣು ಗುಹಾಲಯದಲ್ಲಿ ಚಾಲುಕ್ಯ ಮಂಗಲೇಶ ಶಾಸನ ಬರೆಸಿದ್ದು ಕ್ರಿ.ಶ. 578ರಲ್ಲಿ. ಅಲ್ಲಿ ಕಂಬ, ಗೋಡೆ, ನೆಲ ಎಲ್ಲವೂ ಒಂದೇ ಕೆಂಪು ಮರಳುಗಲ್ಲಿನ ಬಂಡೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಆ ತಂಪು ನೆಲದ ಮೇಲೆ ಕೂಡಿಸಿ ಪಾಠ ಹೇಳಿದ್ದೇನೆ. ಇತ್ತ ಹುನಗುಂದ ದಾಟಿದರೆ ಇಳಕಲ್ಲು. ಸೀರೆಯಂತೆ ಅದರ ಕೆಂಪು ಗ್ರಾನೈಟಿಗೂ ಹೆಸರು. ಹೊಳಪು ಕೊಟ್ಟ ಆ ಕಲ್ಲು ಹಡಗೇರಿ ಪರದೇಶಕ್ಕೂ ಹೋಗಿದೆ.

ಅದನ್ನೇ ಹಾಕಿಸೋಣವೆಂದಿದ್ದೆ. ಆಗ ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ ನೆನಪಾದ. ಕಲ್ಲು ಕೊಯ್ಯುವವನು. ಪಾಲಕರ ಸಭೆಯಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತ, "ಧೂಳ್ರೀ ಅಕ್ಕೋರ, ಮತ್ತೇನಿಲ್ಲ" ಎಂದಿದ್ದ. ಗ್ರಾನೈಟು, ಮರಳುಗಲ್ಲು ಎರಡರಲ್ಲೂ ಸಿಲಿಕಾ ಇದೆ. ನೀರು ಹಾಯಿಸದೆ ಕೊಯ್ದರೆ ಅದರ ಸಣ್ಣ ಧೂಳು ಪುಪ್ಪುಸಕ್ಕಿಳಿದು ಸಿಲಿಕೋಸಿಸ್ ತರುತ್ತದೆ. ಅದು ವಾಸಿಯಾಗುವ ರೋಗವಲ್ಲ. 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲಿ ಅದರ ಹೆಸರಿತ್ತು. ಗರಗಸಕ್ಕೆ ನೀರು ಹಾಯಿಸಿದರೆ ಧೂಳು ಬಹಳಷ್ಟು ಅಡಗುತ್ತದೆ. ಆದರೆ ಯಾವ ಕಲ್ಲು ಹೇಗೆ ಕೊಯ್ದದ್ದೆಂದು ಕೊಳ್ಳುವವರಿಗೆ ತಿಳಿಯುವುದು ಹೇಗೆ?

ಮೊಮ್ಮಗಳ ಉಸಿರಿಗೆಂದು ಇನ್ನೊಬ್ಬರ ಉಸಿರಿಗೆ ಕುತ್ತು ತರಲು ಮನಸ್ಸಾಗಲಿಲ್ಲ. ಹಿತ್ತಲ ಫರಸಿಯನ್ನೇ ತೊಳೆಸಿದೆವು. ಕೋಣೆಗೆ ಸಾಕಾಗುವಷ್ಟಿತ್ತು. ಅಂಚಿನ ನಾಲ್ಕು ಕಲ್ಲುಗಳನ್ನು ಮಾತ್ರ ಗವಂಡಿ ನೀರಿನಲ್ಲಿ ನೆನೆಸಿ, ಬಯಲಲ್ಲಿ ಕುಳಿತು ಚಾಣದಿಂದ ಸರಿಮಾಡಿದ.

ಮೊಮ್ಮಗಳು ಈಗ ಮಧ್ಯಾಹ್ನ ಚಾಪೆಯಿಲ್ಲದೆ ಅದರ ಮೇಲೆ ಮಲಗುತ್ತಾಳೆ. ನೆಲ ಬದಲಿಸಿದ ಮಾತ್ರಕ್ಕೆ ಉಬ್ಬಸ ಹೋಗದು. ಔಷಧಿ ನಡೆದೇ ಇದೆ. ಆದರೆ ಅವ್ವ ಓಡಾಡಿದ ಕಲ್ಲಿನ ಮೇಲೆ ಅವಳು ಓಡಾಡುತ್ತಾಳೆ. ಅದಕ್ಕಾಗಿ ಹೊಸದಾಗಿ ಯಾರೂ ಧೂಳು ಕುಡಿಯಲಿಲ್ಲ.